ನದೀತೀರದ ನಿಸರ್ಗ ವೀಕ್ಷಣೆ: ಶಾಲೆಯ ಒಂದು ಕರ್ತವ್ಯ

ಪ್ರತಿವರ್ಷ ಡಿಸೆಂಬರ್ ತಿಂಗಳು ಬಂದಿತೆಂದರೆ ಉತ್ತರ ಕರ್ನಾಟಕದ ಪ್ರೌಢಶಾಲೆಗಳಲ್ಲಿ ಶೈಕ್ಷಣಿಕ ಪ್ರವಾಸದ ಸಂಭ್ರಮ ತೊಡಗುತ್ತದೆ. ಬೆಳಗಿನ ಜಾವ ಬಸ್ಸು ಹೊರಡುತ್ತದೆ. ಹಂಪಿಯ ಕಲ್ಲಿನ ರಥವನ್ನು ನೋಡಿ, ತುಂಗಭದ್ರಾ ಅಣೆಕಟ್ಟಿನ ಉದ್ಯಾನದಲ್ಲಿ ಬುತ್ತಿ ಬಿಚ್ಚಿ, ಕಾರಂಜಿಯ ಮುಂದೆ ಭಾವಚಿತ್ರ ತೆಗೆಸಿಕೊಂಡು, ರಾತ್ರಿಗೆ ಊರು ಸೇರಿದರೆ ಪ್ರವಾಸ ಮುಗಿಯಿತು. ಮಕ್ಕಳಿಗೆ ಈ ಸಂತೋಷ ಬೇಡವೆಂದು ಯಾರೂ ಹೇಳಲಾರರು. ಆದರೆ ದಿನವಿಡೀ ನದಿಯ ಮಗ್ಗುಲಲ್ಲಿಯೇ ಸುತ್ತಾಡಿ ಬಂದ ಮಕ್ಕಳನ್ನು ಮರುದಿನ ತರಗತಿಯಲ್ಲಿ ‘ನದಿಯಲ್ಲಿ ಏನು ಕಂಡಿರಿ?’ ಎಂದು ಕೇಳಿದರೆ ‘ನೀರು’ ಎಂಬ ಒಂದೇ ಉತ್ತರ ಬಂದೀತು. ನದಿಯ ಬಳಿಗೆ ಹೋಗುವುದು ಬೇರೆ, ನದಿಯನ್ನು ನೋಡುವುದು ಬೇರೆ. ಮೊದಲನೆಯದು ಬಸ್ಸಿನಿಂದ ಆಗುತ್ತದೆ. ಎರಡನೆಯದು ಶಿಕ್ಷಕನಿಂದ ಮಾತ್ರ ಆಗಬೇಕು.

ವರಾಹಪರ್ವತದ ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಮತ್ತು ಭದ್ರೆ ಬೇರೆ ಬೇರೆ ದಾರಿ ಹಿಡಿದು ಶಿವಮೊಗ್ಗದ ಸಮೀಪದ ಕೂಡಲಿಯಲ್ಲಿ ಒಂದಾಗುತ್ತವೆ. ಅಲ್ಲಿಂದ ಮುಂದೆ ಹರಿಹರ, ಆನೆಗೊಂದಿ, ಕಂಪ್ಲಿಗಳನ್ನು ಹಾದು ಈ ನದಿ ಕೃಷ್ಣೆಯನ್ನು ಸೇರುತ್ತದೆ. ಮಲೆನಾಡಿನಲ್ಲಿ ಸುರಿದ ಮುಂಗಾರನ್ನು ಮಳೆ ಕಾಣದ ಬಯಲುಸೀಮೆಗೆ ತಂದುಕೊಡುವುದು ಅದರ ಉಪಕಾರ. ಉಷ್ಣವಲಯದ ನದಿಯ ಸ್ವಭಾವವೆಲ್ಲ ಅದರಲ್ಲಿ ಮೂರ್ತಿವೆತ್ತಿದೆ: ಮುಂಗಾರಿನಲ್ಲಿ ಕೆಂಪು ಪ್ರವಾಹ, ಬೇಸಗೆಯಲ್ಲಿ ಬಂಡೆಗಳ ನಡುವೆ ತೆಳುವಾದ ಹರಿವು. ಈ ನದಿಯ ಎರಡೂ ದಂಡೆಗಳ ಜಿಲ್ಲೆಗಳಲ್ಲಿ ಮಠಗಳ ಆಶ್ರಯದಲ್ಲಿ ಬೆಳೆದ ಶಾಲೆಗಳು ಅನೇಕವಾಗಿವೆ. ಇಷ್ಟು ದೊಡ್ಡ ಪ್ರಯೋಗಶಾಲೆ ಕೂಗಳತೆಯಲ್ಲಿರುವಾಗ ವಿಜ್ಞಾನದ ಪಾಠವೆಲ್ಲ ನಾಲ್ಕು ಗೋಡೆಗಳ ಒಳಗೇ ಮುಗಿಯುವುದು ನ್ಯಾಯವಲ್ಲ.

ಇದಕ್ಕೆ ಬೆಲೆಬಾಳುವ ಉಪಕರಣಗಳು ಬೇಕೆಂಬುದು ತಪ್ಪು ತಿಳುವಳಿಕೆ. ಒಂದು ಗಾಜಿನ ಸೀಸೆ ಸಾಕು. ಆಗಸ್ಟ್ ತಿಂಗಳಲ್ಲಿ ಹೊಳೆಯ ನೀರನ್ನು ಸೀಸೆಯಲ್ಲಿ ತುಂಬಿ ತಂದು ತರಗತಿಯ ಕಿಟಕಿಯಲ್ಲಿಟ್ಟರೆ ಒಂದೆರಡು ದಿನಗಳಲ್ಲಿ ತಳದಲ್ಲಿ ಕೆಂಪು ಹೂಳು ಕೂರುತ್ತದೆ. ವಿದ್ಯಾರ್ಥಿ ಆ ಪದರವನ್ನು ಅಳತೆಪಟ್ಟಿಯಿಂದ ಅಳೆಯಲಿ; ಫೆಬ್ರುವರಿಯಲ್ಲಿ ಮತ್ತೊಂದು ಸೀಸೆ ತಂದು ಹೋಲಿಸಲಿ. 1953ರಲ್ಲಿ ನೀರು ನಿಲ್ಲತೊಡಗಿದಾಗ ಸುಮಾರು 133 ಟಿ.ಎಂ.ಸಿ. ಸಾಮರ್ಥ್ಯವಿದ್ದ ತುಂಗಭದ್ರಾ ಜಲಾಶಯ ಇಂದು ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆಯೆಂದು ಪಠ್ಯದಲ್ಲಿ ಓದಿದರೆ ಅದು ಪರೀಕ್ಷೆ ಮುಗಿಯುವವರೆಗೆ ನೆನಪಿರುವ ಒಂದು ಅಂಕಿ. ಸೀಸೆಯ ತಳದ ಹೂಳನ್ನು ಕೈಯಾರೆ ಅಳೆದ ಹುಡುಗನಿಗೆ ಅದು ತನ್ನ ತಂದೆಯ ಗದ್ದೆಗೆ ಬಾರದೆ ಹೋದ ನೀರು. ಮೇಲಿನ ಸೀಮೆಯ ಗುಡ್ಡದಲ್ಲಿ ಮರ ಕಡಿದರೆ ಕೆಳಗಿನ ಸೀಮೆಯ ಎರಡನೆಯ ಬೆಳೆಗೆ ನೀರು ಏಕೆ ಸಾಲದೆಂಬುದು ಆಗ ಬಾಯಿಪಾಠವಿಲ್ಲದೆ ತಿಳಿಯುತ್ತದೆ.

ಅಂತೆಯೇ ಹರಿಯುವ ನೀರಿನ ಅಂಚಿನಲ್ಲಿ ಶಿಕ್ಷಕರು ಒಂದು ಕಲ್ಲನ್ನು ಮೆಲ್ಲನೆ ಎತ್ತಿ ಮಗುಚಿ ತೋರಿಸಲಿ. ಅದರ ತಳಕ್ಕೆ ಅಂಟಿಕೊಂಡು, ಬಾಲದಲ್ಲಿ ಎರಡು ಮೂರು ಸಣ್ಣ ಎಳೆಗಳುಳ್ಳ ಮರಿಹುಳುಗಳು ಕಂಡರೆ ಅವು ಮೇಫ್ಲೈ ಎಂಬ ಕೀಟದ ಮರಿಗಳು. ಆಮ್ಲಜನಕ ಸಮೃದ್ಧವಾಗಿರುವ ಶುದ್ಧ ನೀರೇ ಅವುಗಳಿಗೆ ಬೇಕು. ಊರಿನ ಚರಂಡಿ ಹೊಳೆಗೆ ಸೇರುವ ಸ್ಥಳದ ಕೆಸರಿನಲ್ಲಿ ಇವು ಕಾಣುವುದು ಕಷ್ಟ. ಅಲ್ಲಿ ಕೆಂಪು ದಾರದಂಥ ಹುಳುಗಳಿರುತ್ತವೆ. ಅವುಗಳ ದೇಹದಲ್ಲಿ ಹಿಮೋಗ್ಲೋಬಿನ್ ಇರುವುದರಿಂದ ಆಮ್ಲಜನಕ ಕಡಮೆಯಿರುವ ಕೆಸರಿನಲ್ಲಿಯೂ ಬದುಕಬಲ್ಲವು. ಕೆಂಪು ಬಣ್ಣವೂ ಅದರಿಂದಲೇ ಬಂದುದು. ಎರಡು ಸ್ಥಳಗಳ ಕಲ್ಲು, ಎರಡು ಬಗೆಯ ಹುಳು, ನಡುವೆ ಒಂದು ಚರಂಡಿ. ಜಲಮಾಲಿನ್ಯದ ಕುರಿತು ಹತ್ತು ಪುಟಗಳ ಪ್ರಬಂಧ ಬರೆಯಿಸುವುದಕ್ಕಿಂತ ಈ ಒಂದು ಗಳಿಗೆಯ ವೀಕ್ಷಣೆ ಮೇಲು.

ದಂಡೆಯ ಹೊಳೆಮತ್ತಿಯ ಮರದ ಹೆಸರಿನಲ್ಲಿಯೇ ಹೊಳೆಯಿದೆ. ಅದರ ಕಾಯಿಗೆ ಐದು ರೆಕ್ಕೆಗಳು ಏಕಿವೆ, ಅದನ್ನು ನೀರಿಗೆ ಹಾಕಿದರೆ ಏನಾಗುತ್ತದೆ ಎಂಬ ಪ್ರಶ್ನೆಯಿಂದ ಬೀಜಪ್ರಸಾರದ ಪಾಠ ಆರಂಭವಾಗಬಹುದು. ಬಂಡೆಗಳಲ್ಲಿ ಒರಳಿನಂತೆ ನುಣ್ಣಗೆ ಕೊರೆದಿರುವ ಗುಂಡಿಗಳನ್ನು ಯಾರೂ ಕಡೆದದ್ದಲ್ಲ. ಸುಳಿಯಲ್ಲಿ ಸಿಕ್ಕಿದ ಬೆಣಚುಕಲ್ಲುಗಳು ಬಹುಕಾಲ ತಿರುಗಿ ತಿರುಗಿ ಕೊರೆದದ್ದು. ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು, ನೆಟ್ಟನೆ ಕೆಳಗೆ ಎರಗುವ ಕಪ್ಪು-ಬಿಳಿಯ ಮಿಂಚುಳ್ಳಿಯನ್ನು ಒಂದು ಗಂಟೆ ನೋಡುತ್ತ ಕುಳಿತು, ಎಷ್ಟು ಬಾರಿ ಎರಗಿತು, ಎಷ್ಟು ಬಾರಿ ಮೀನು ಸಿಕ್ಕಿತು ಎಂದು ಬರೆದುಕೊಂಡ ವಿದ್ಯಾರ್ಥಿಗೆ ಗಣಿತ, ಜೀವಶಾಸ್ತ್ರ, ತಾಳ್ಮೆ ಮೂರೂ ಒಟ್ಟಿಗೆ ದೊರೆಯುತ್ತವೆ.

ಇವೆಲ್ಲಕ್ಕಿಂತ ವಿಶೇಷವಾದುದು ನೀರುನಾಯಿ. 2015ರಲ್ಲಿ ರಾಜ್ಯ ಸರ್ಕಾರವು ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಉದ್ದದ ನದೀಭಾಗವನ್ನು ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಹುಲಿ, ಆನೆಗಳ ಹೆಸರಿನ ಕಾಡುಗಳನ್ನು ಕೇಳಿ ಬಲ್ಲ ಮಕ್ಕಳಿಗೆ ತಮ್ಮ ಜಿಲ್ಲೆಯಲ್ಲಿ ಹೀಗೊಂದು ಗೌರವ ಪಡೆದ ಪ್ರಾಣಿಯಿದೆಯೆಂಬುದೇ ತಿಳಿಯದಿರುವುದುಂಟು. ಈ ಪ್ರಾಣಿ ಕುಟುಂಬದೊಡನೆ ಗುಂಪುಗೂಡಿ ಬದುಕುತ್ತದೆ, ಗುಂಪಿನಲ್ಲಿಯೇ ಮೀನು ಹಿಡಿಯುತ್ತದೆ. ನಲವತ್ತು ಮಕ್ಕಳ ಗದ್ದಲಕ್ಕೆ ಅದು ಕಣ್ಣಿಗೆ ಬೀಳುವುದು ಅಪರೂಪವೇ ಸರಿ. ಆದರೆ ಬಂಡೆಗಳ ಮೇಲೆ ಅದು ತಪ್ಪದೆ ಹಿಕ್ಕೆ ಹಾಕುವ ನಿಶ್ಚಿತ ಸ್ಥಳಗಳಿರುತ್ತವೆ. ಒಣಗಿದ ಹಿಕ್ಕೆಯನ್ನು ಕಡ್ಡಿಯಿಂದ ಬಿಡಿಸಿ ನೋಡಿದರೆ ಮೀನಿನ ಹುರುಪೆ, ಮುಳ್ಳು, ಏಡಿಯ ಚಿಪ್ಪಿನ ಚೂರುಗಳು ಸಿಕ್ಕುತ್ತವೆ. ಪ್ರಾಣಿಯನ್ನು ಕಾಣದೆಯೇ ಅದರ ಊಟವನ್ನು ತಿಳಿಯಬಹುದೆಂಬ ಈ ಪಾಠ, ಕಾಣದುದನ್ನು ಕಂಡುದರಿಂದ ಅರಿಯುವ ವಿಜ್ಞಾನದ ವಿಧಾನಕ್ಕೇ ಪ್ರವೇಶವಾಗಿದೆ.

ಇಲ್ಲಿ ಶಿಕ್ಷಕರು ಒಬ್ಬರೇ ಗುರುಗಳಾಗಬೇಕಿಲ್ಲ. ಹರಿಗೋಲು ಹಾಕುವವರಿಗೆ, ಬಲೆ ಬೀಸುವವರಿಗೆ ಯಾವ ಮಡುವಿನಲ್ಲಿ ಯಾವ ಮೀನು ಎಂಬುದು ಅಂಗೈ ರೇಖೆಯಂತೆ ತಿಳಿದಿರುತ್ತದೆ. ಬಲೆ ಹರಿಯುವ ನೀರುನಾಯಿಯ ಮೇಲೆ ಅವರಿಗೆ ಸಿಟ್ಟೂ ಇರುತ್ತದೆ. ಆ ಸಿಟ್ಟಿನ ಕಾರಣವನ್ನೂ ಮಕ್ಕಳು ಕೇಳಬೇಕು. ಸಂರಕ್ಷಣೆಯೆಂಬುದು ಬಡವನ ಬಲೆಯ ಬೆಲೆಯನ್ನು ಮರೆತು ನಡೆಯಲಾರದೆಂಬುದು ಆಗ ಅರ್ಥವಾಗುತ್ತದೆ. ಮಠದ ಉಚಿತ ಪ್ರಸಾದ ನಿಲಯಗಳಲ್ಲಿ ಓದುವ ಮಕ್ಕಳಲ್ಲಿ ರೈತರ ಮಕ್ಕಳು, ಬೆಸ್ತರ ಮಕ್ಕಳು, ಕುರಿಗಾರರ ಮಕ್ಕಳು ಇದ್ದಾರೆ. ಹಕ್ಕಿ ಗೂಡು ಕಟ್ಟುವ ಸಮಯ, ಆಮೆ ಮೊಟ್ಟೆಯಿಡುವ ಮರಳು, ಕಾಲುವೆಗೆ ನೀರು ಬಂದಾಗ ಏರುವ ಮೀನು, ಇವೆಲ್ಲ ಅವರಲ್ಲಿ ಹಲವರಿಗೆ ಗೊತ್ತು. ಆದರೆ ತರಗತಿಯಲ್ಲಿ ಆ ಜ್ಞಾನವನ್ನು ಕೇಳುವವರಿಲ್ಲದ ಕಾರಣ ಅವರು ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತಿರುತ್ತಾರೆ. ಹೊಳೆಯ ದಂಡೆಯಲ್ಲಿ ಆ ಹುಡುಗನೇ ಮುಂದಾಳು. ಒಂದು ದಿನದ ಮಟ್ಟಿಗಾದರೂ ತಾನು ಬಲ್ಲವನೆಂಬ ಭಾವನೆ ಅವನಲ್ಲಿ ಮೂಡಿದರೆ ಅದರ ಬೆಲೆಯನ್ನು ಅಂಕಗಳಲ್ಲಿ ಹೇಳಲಾಗದು.

ಒಮ್ಮೆ ಹೋಗಿ ಬಂದರೆ ಸಾಲದೆಂಬುದನ್ನು ಒತ್ತಿ ಹೇಳಬೇಕು. ನದಿಯೆಂಬುದು ಒಂದೇ ದಿನದಲ್ಲಿ ಓದಿ ಮುಗಿಸುವ ಪುಸ್ತಕವಲ್ಲ. ನದಿ ರೀವವೆಂಬ ಹಕ್ಕಿ ಬೇಸಗೆಯ ತಿಂಗಳುಗಳಲ್ಲಿ ನೀರಿಳಿದು ತೆರೆದುಕೊಳ್ಳುವ ದಿಬ್ಬ, ಬಂಡೆ, ಮರಳಿನ ಮೇಲೆ ಮೊಟ್ಟೆಯಿಡುತ್ತದೆ. ಭದ್ರಾ ಜಲಾಶಯದ ನಡುಗಡ್ಡೆಯಲ್ಲಿ ಅವು ಸಾವಿರಗಟ್ಟಲೆ ನೆರೆಯುವುದು ಪ್ರಸಿದ್ಧವಾಗಿದೆ. ಡಿಸೆಂಬರಿನಲ್ಲಿ ಮಾತ್ರ ಹೋದವರಿಗೆ ಈ ಸಂಗತಿ ತಿಳಿಯುವುದೇ ಇಲ್ಲ. ಮರಳು ತೆಗೆದರೆ ಅಥವಾ ಅಕಾಲದಲ್ಲಿ ನೀರು ಬಿಟ್ಟರೆ ಒಂದು ವರ್ಷದ ಸಂತಾನವೇ ಹೋಗುವುದೆಂಬ ಮಾತೂ ಹೊಳೆಯುವುದಿಲ್ಲ. ಆದುದರಿಂದ ದೂರದ ಹತ್ತು ಸ್ಥಳಗಳಿಗೆ ಒಮ್ಮೊಮ್ಮೆ ಹೋಗುವುದಕ್ಕಿಂತ ಸಮೀಪದ ಒಂದೇ ಸ್ಥಳಕ್ಕೆ ವರ್ಷಕ್ಕೆ ಮೂರು ಬಾರಿ, ಅಂದರೆ ಮಳೆಗಾಲದಲ್ಲಿ, ಚಳಿಗಾಲದಲ್ಲಿ, ಬೇಸಗೆಯಲ್ಲಿ ಹೋಗುವುದು ಉಚಿತ.

ಹೀಗೆ ಕಂಡದ್ದನ್ನು ಪ್ರತಿ ಸಲವೂ ಒಂದೇ ಪುಸ್ತಕದಲ್ಲಿ ಬರೆದಿಡಬೇಕು. ದಿನಾಂಕ, ವೇಳೆ, ನೀರಿನ ಮಟ್ಟ, ಸೀಸೆಯ ಹೂಳು, ಕಂಡ ಹಕ್ಕಿಗಳ ಹೆಸರು ಮತ್ತು ಎಣಿಕೆ, ಕೇಳಿ ತಿಳಿದ ಸಂಗತಿ, ಬರೆದವನ ಸಹಿ. ಈ ಲೇಖನದ ಮುಖ್ಯ ಅಭಿಪ್ರಾಯ ಇಷ್ಟೇ: ನದೀವೀಕ್ಷಣೆಯ ನಿಜವಾದ ಫಲ ಪ್ರವಾಸದ ನೆನಪಲ್ಲ, ಆ ದಾಖಲೆಯ ಪುಸ್ತಕ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಸರಪಣಿ ಕಡಿದು ಕೊಚ್ಚಿಹೋಯಿತು. ಒಂದು ವಾರದೊಳಗೆ ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ಗೇಟನ್ನು ಇಳಿಸಿದ ಸಾಹಸವನ್ನು ನಾಡು ಕೊಂಡಾಡಿತು. ಎಷ್ಟು ನೀರು ಹೋಯಿತೆಂಬ ಲೆಕ್ಕ ಸರ್ಕಾರದ ಬಳಿ ಇದೆ. ಆದರೆ ಅಂಥ ನೆರೆಯ ಮೊದಲು ಕೆಳಗಿನ ದಂಡೆ ಹೇಗಿತ್ತು, ಆಮೇಲೆ ಹೇಗಾಯಿತು, ಯಾವ ಬಂಡೆಯ ಹಿಕ್ಕೆ ಅಳಿಸಿತು, ಯಾವ ಮರಳುದಿಬ್ಬ ಜಾಗ ಬದಲಿಸಿತು ಎಂಬುದನ್ನು ಹೇಳಬಲ್ಲವರು ದಂಡೆಯ ಊರಿನವರೇ. ಹತ್ತು ವರ್ಷಗಳಿಂದ ಬರೆದಿಟ್ಟ ಪುಸ್ತಕ ಒಂದು ಶಾಲೆಯಲ್ಲಿದ್ದರೆ ಅದು ವಿಜ್ಞಾನಿಗಳಿಗೂ ಬೇಕಾಗುವ ವಸ್ತು. ‘ಹಿಂದೆ ಹೊಳೆ ಚೆನ್ನಾಗಿತ್ತು’ ಎಂಬ ಹಿರಿಯರ ಮಾತು ನಿಟ್ಟುಸಿರಾಗಿ ಉಳಿಯುತ್ತದೆ; ಬರೆದಿಟ್ಟರೆ ಸಾಕ್ಷ್ಯವಾಗುತ್ತದೆ.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಎಸ್.ಎಸ್.ಎಲ್.ಸಿ. ಫಲಿತಾಂಶದ ಒತ್ತಡದಲ್ಲಿ ಇದಕ್ಕೆ ಸಮಯವೆಲ್ಲಿ ಎಂಬುದು ಮೊದಲನೆಯದು. ಪರಿಸರ ಶಿಕ್ಷಣವು ಎಲ್ಲ ಹಂತಗಳಲ್ಲಿ ಕಡ್ಡಾಯವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ 1991ರಲ್ಲಿಯೇ ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಅವಧಿಯಲ್ಲಿ ಪುಸ್ತಕದ ಚೀಲವಿಲ್ಲದ ಹತ್ತು ದಿನಗಳನ್ನು ಸೂಚಿಸಿತು. ಎಸ್.ಎಸ್.ಎಲ್.ಸಿ.ಯ ಒತ್ತಡ ತಟ್ಟುವ ಮೊದಲೇ, 8ನೆಯ ತರಗತಿಯಲ್ಲಿ ಈ ಅಭ್ಯಾಸವನ್ನು ತೊಡಗಬಹುದು.

ಎರಡನೆಯ ಆಕ್ಷೇಪಣೆ ಅಪಾಯದ್ದು. ಇದನ್ನು ಹಗುರವಾಗಿ ಕಾಣಬಾರದು. ಪ್ರವಾಸಕ್ಕೆ ಹೋದ ಮಕ್ಕಳು ನೀರುಪಾಲಾದ ಸುದ್ದಿ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತದೆ. ಮುಖ್ಯೋಪಾಧ್ಯಾಯರ ಅಂಜಿಕೆ ಸಹಜವಾದುದು. ತುಂಗಭದ್ರೆಯ ಬಂಡೆಗಳ ಕೆಳಗೆ ಕಾಣದ ಸೆಳೆತಗಳಿವೆ, ಮಡುಗಳಲ್ಲಿ ಮೊಸಳೆಗಳಿವೆ, ಜಲಾಶಯದಿಂದ ನೀರು ಬಿಟ್ಟರೆ ಮಟ್ಟ ಏರುತ್ತದೆ. ಆದುದರಿಂದ ವೀಕ್ಷಣೆಯ ಮೊದಲ ನಿಯಮ ಯಾವ ವಿದ್ಯಾರ್ಥಿಯೂ ನೀರಿಗಿಳಿಯಕೂಡದೆಂಬುದು. ಹತ್ತು ಮಕ್ಕಳಿಗೆ ಒಬ್ಬ ಹಿರಿಯರು, ಈಜು ಬಲ್ಲ ಸ್ಥಳೀಯರೊಬ್ಬರು, ಅರಣ್ಯ ಇಲಾಖೆಯ ಅನುಮತಿ, ಅಣೆಕಟ್ಟಿನ ಕಚೇರಿಯಲ್ಲಿ ವಿಚಾರಣೆ, ಮಳೆಗಾಲದಲ್ಲಿ ಸೇತುವೆಯಿಂದ ಅಥವಾ ಎತ್ತರದ ದಂಡೆಯಿಂದ ಮಾತ್ರ ವೀಕ್ಷಣೆ, ಸೀಸೆಗೆ ನೀರು ತುಂಬುವ ಕೆಲಸವೂ ಹಿರಿಯರದೇ, ಇವಿಷ್ಟು ಇಲ್ಲದೆ ಹೊರಡಬಾರದು. ಗುರಿಯಿಲ್ಲದೆ ಹೋದ ಮಕ್ಕಳಿಗೆ ಬಿಡುವಿನಲ್ಲಿ ನೀರು ಕೈಬೀಸಿ ಕರೆಯುತ್ತದೆ. ಕೈಯಲ್ಲಿ ಪುಸ್ತಕ, ಎಣಿಸಲು ಹಕ್ಕಿ ಇರುವ ಮಗು ದಂಡೆಯಲ್ಲಿಯೇ ಕೂರುತ್ತದೆ.

ಶಿಕ್ಷಕರಿಗೇ ಗಿಡ, ಹಕ್ಕಿಗಳ ಪರಿಚಯವಿಲ್ಲವೆಂಬುದು ಮೂರನೆಯ ಮಾತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳೊಡನೆ ಕಾಡುಮೇಡು ಅಲೆದ ಅನುಭವದಿಂದಲೇ ‘ಹಸುರು ಹೊನ್ನು’ ಎಂಬ ಕೃತಿ ಹುಟ್ಟಿತು. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಎಲ್ಲ ಶಿಕ್ಷಕರೂ ಸ್ವಾಮಿಯವರಾಗಲು ಸಾಧ್ಯವಿಲ್ಲ, ಆಗಬೇಕಾಗಿಯೂ ಇಲ್ಲ. ‘ಈ ಹಕ್ಕಿಯ ಹೆಸರು ತಿಳಿಯದು, ಚಿತ್ರ ಬರೆದುಕೊಳ್ಳೋಣ, ಹುಡುಕೋಣ’ ಎಂದು ಮಕ್ಕಳ ಮುಂದೆ ಹೇಳುವ ಶಿಕ್ಷಕ ಸಣ್ಣವನಾಗುವುದಿಲ್ಲ. ಕಲಿಯುವುದು ಹೇಗೆಂಬುದನ್ನು ಅವನು ಕಣ್ಣಮುಂದೆ ಮಾಡಿ ತೋರಿಸಿದಂತಾಯಿತು.

ಕಡೆಯದಾಗಿ, ದಾನಿಗಳು ಮತ್ತು ಹಳೆಯ ವಿದ್ಯಾರ್ಥಿಗಳ ಪಾತ್ರ. ಕೊಠಡಿ ಕಟ್ಟಿಸಿಕೊಟ್ಟವರ ಹೆಸರು ಕಲ್ಲಿನಲ್ಲಿ ನಿಲ್ಲುವುದು ಯೋಗ್ಯವೇ ಆಗಿದೆ. ಆದರೆ ನಾಲ್ಕು ದುರ್ಬೀನುಗಳು, ಹಕ್ಕಿಗಳ ಕನ್ನಡ ಕೈಪಿಡಿಗಳು, ವರ್ಷಕ್ಕೆ ಮೂರು ಬಾರಿಯ ಬಸ್ಸಿನ ಬಾಡಿಗೆ, ಹರಿಗೋಲಿನವರಿಗೆ ಒಂದು ದಿನದ ಸಂಭಾವನೆ, ಇವಕ್ಕೆ ತಗಲುವ ವೆಚ್ಚ ಒಂದು ಕೊಠಡಿಯ ವೆಚ್ಚದ ಸಣ್ಣ ಅಂಶ. ನದಿಯ ದಂಡೆಯಲ್ಲಿ ಆಡಿ ಬೆಳೆದು ಈಗ ದೂರದ ನಗರಗಳಲ್ಲಿರುವ ಹಳೆಯ ವಿದ್ಯಾರ್ಥಿಗಳು ತಮ್ಮ ಕಾಲದಲ್ಲಿ ಹೊಳೆಯಲ್ಲಿ ಕಂಡುದನ್ನು, ಇಸವಿಯೊಡನೆ, ಒಂದು ಪುಟದಲ್ಲಿ ಬರೆದು ಶಾಲೆಗೆ ಕಳುಹಿಸಿದರೆ ಆ ದಾಖಲೆ ಪುಸ್ತಕಕ್ಕೆ ಅದಕ್ಕಿಂತ ಒಳ್ಳೆಯ ಮುನ್ನುಡಿಯಿಲ್ಲ.

ಮಠಗಳು ತಾಳೆಯೋಲೆಗಳನ್ನೂ ಕಡತಗಳನ್ನೂ ತಲೆಮಾರುಗಳ ಕಾಲ ಗೆದ್ದಲಿನಿಂದ, ಮಳೆಯಿಂದ ಕಾಪಾಡಿಕೊಂಡು ಬಂದ ಸಂಸ್ಥೆಗಳು. ಬರೆದುದನ್ನು ಉಳಿಸುವ ವಿದ್ಯೆ ಅವುಗಳಿಗೆ ಹೊಸದಲ್ಲ. ಅಧಿಕಾರಿಗಳು ವರ್ಗವಾಗುತ್ತಾರೆ, ಯೋಜನೆಗಳು ಮುಗಿಯುತ್ತವೆ, ಶಾಲೆ ಮಾತ್ರ ಇದ್ದಲ್ಲಿಯೇ ಇರುತ್ತದೆ. ಐವತ್ತು ವರ್ಷ ಒಂದೇ ಹೊಳೆಯನ್ನು ಬಿಡದೆ ನೋಡಿ ಬರೆಯಬಲ್ಲ ಸಂಸ್ಥೆ ಯಾವುದಾದರೂ ಇದ್ದರೆ ಅದು ದಂಡೆಯ ಮೇಲಿನ ಶಾಲೆಯೇ. ಬರುವ ಮುಂಗಾರಿನಲ್ಲಿ ಮೊದಲನೆಯ ಸೀಸೆ ತುಂಬಲಿ. ಮೊದಲನೆಯ ಪುಟದ ಮೇಲೆ ದಿನಾಂಕ ಬೀಳಲಿ.