ಅಡುಗೆಮನೆಯಲ್ಲಿಯೇ ಸಿದ್ಧವಾಗಬೇಕಾದ ಯಾದಿ

ಕುಟುಂಬದ ಆರೋಗ್ಯವನ್ನು ಕುರಿತು ವಿಚಾರಿಸುವಾಗ ನಾವು ಸಾಮಾನ್ಯವಾಗಿ ಒಲೆಯಿಂದ ಆರಂಭಿಸುತ್ತೇವೆ. ಯಾವುದನ್ನು ಬೇಯಿಸಬೇಕು, ಯಾವುದನ್ನು ಕರಿಯಬಾರದು ಎಂದು ಚರ್ಚಿಸುತ್ತೇವೆ. ಆದರೆ ಒಲೆಯ ಮೇಲೆ ಏನು ಏರಬೇಕೆಂಬುದು ಅದಕ್ಕೂ ಮೊದಲೇ, ದಿನಸಿ ತಂದ ದಿನವೇ, ತೀರ್ಮಾನವಾಗಿರುತ್ತದೆ. ಮನೆಗೆ ಬಂದ ಎಣ್ಣೆ ಹೇಗಾದರೂ ಖರ್ಚಾಗುತ್ತದೆ. ಡಬ್ಬಿಯಲ್ಲಿರುವ ಬಿಸ್ಕತ್ತನ್ನು ಮಕ್ಕಳು ತಿಂದೇ ತಿನ್ನುತ್ತಾರೆ. ಆದುದರಿಂದ ಸಾಮಾನಿನ ಯಾದಿಯನ್ನು ಆರೋಗ್ಯದ ವಿಷಯವೆಂದೇ ಪರಿಗಣಿಸಬೇಕೆಂಬುದು ನಮ್ಮ ಅಭಿಪ್ರಾಯ.

ಹಿಂದೆ ತಿಂಗಳ ಮೊದಲ ವಾರದಲ್ಲಿ ಕಿರಾಣಿ ಅಂಗಡಿಗೆ ಚೀಟಿ ಹೋಗುತ್ತಿತ್ತು. ತೊಗರಿಬೇಳೆ ಇಷ್ಟು, ಬೆಲ್ಲ ಇಷ್ಟು, ಶೇಂಗಾ ಇಷ್ಟು ಎಂದು ಬರೆದುಕೊಟ್ಟರೆ ಅಂಗಡಿಯವರು ತೂಗಿ, ಪೊಟ್ಟಣ ಕಟ್ಟಿ ಇಡುತ್ತಿದ್ದರು. ಚೀಟಿಯಲ್ಲಿ ಇಲ್ಲದ್ದು ಮನೆಗೆ ಬರುತ್ತಿದ್ದುದು ಅಪರೂಪ. ಅಮೆರಿಕದಲ್ಲಿಯೂ ಪದ್ಧತಿ ಹೆಚ್ಚುಕಡಿಮೆ ಹೀಗೆಯೇ ಇತ್ತು. 1916ರಲ್ಲಿ ಅಲ್ಲಿನ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬ ವ್ಯಾಪಾರಿ ‘ಪಿಗ್ಲಿ ವಿಗ್ಲಿ’ ಎಂಬ ಅಂಗಡಿಯನ್ನು ತೆರೆದು, ಗ್ರಾಹಕರೇ ಒಳಗೆ ನಡೆದು ಕೈಯಾರೆ ಸಾಮಾನು ಆರಿಸಿಕೊಳ್ಳುವ ವ್ಯವಸ್ಥೆ ಮಾಡಿದನು. ಒಳಗೆ ಹೋದವರು ಸಾಲುಸಾಲು ಕಪಾಟುಗಳ ಮುಂದೆ ಹಾದೇ ಹೊರಗೆ ಬರುವಂತೆ ದಾರಿಯನ್ನೂ ರೂಪಿಸಿದನು. ಇಂದಿನ ಹುಬ್ಬಳ್ಳಿ, ದಾವಣಗೆರೆ, ಕಲಬುರಗಿಗಳ ಸೂಪರ್ ಮಾರ್ಕೆಟ್ಟುಗಳು ಅದೇ ವಂಶದವು. ಅಂಗಡಿಯವರಿಗೆ ಕೊಡುತ್ತಿದ್ದ ಚೀಟಿ ಈಗ ನಮ್ಮ ಕೈಯಲ್ಲಿಯೇ ಉಳಿಯಬೇಕಾಗಿದೆ. ಆದರೆ ಅನೇಕರ ಕೈಯಲ್ಲಿ ಚೀಟಿಯೇ ಇಲ್ಲ.

ಪರಿಣಾಮವನ್ನು ಭಾನುವಾರದ ಸಂಜೆ ನೋಡಬಹುದು. ಇಡೀ ಕುಟುಂಬ ಎರಡು ತಾಸು ಟ್ರಾಲಿಯ ಹಿಂದೆ ತಿರುಗುತ್ತದೆ. ಕಾಲ ಕಳೆಯುವುದು ನಡೆಯುವುದರಲ್ಲಿ ಅಲ್ಲ, ನಿಂತು ಯೋಚಿಸುವುದರಲ್ಲಿ: ಮನೆಯಲ್ಲಿ ಜೀರಿಗೆ ಇದೆಯೋ ಇಲ್ಲವೋ, ಈ ಎಣ್ಣೆಯೋ ಆ ಎಣ್ಣೆಯೋ, ಒಂದಕ್ಕೆ ಒಂದು ಉಚಿತವೆಂದು ಬರೆದಿರುವುದನ್ನು ಬಿಡುವುದು ಹೇಗೆ. ದಣಿದ ಅಜ್ಜಿ ಕೂರಲು ಜಾಗ ಹುಡುಕುತ್ತಾರೆ. ಬಿಲ್ ಕೌಂಟರಿನ ಬಳಿ, ಮಗುವಿನ ಕಣ್ಣಿನ ಎತ್ತರಕ್ಕೆ ಸರಿಯಾಗಿ, ಚಾಕೊಲೇಟುಗಳು ಕಾದಿರುತ್ತವೆ. ಅಷ್ಟು ಹೊತ್ತಿಗೆ ಬೇಡವೆನ್ನುವ ಶಕ್ತಿ ತಂದೆತಾಯಿಗಳಲ್ಲಿಯೂ ಉಳಿದಿರುವುದಿಲ್ಲ. ಈ ನಿರ್ಧಾರಗಳನ್ನೆಲ್ಲ ಮನೆಯಲ್ಲಿಯೇ ಮುಗಿಸಿಕೊಂಡು ಹೋದರೆ ಅಂಗಡಿಯಲ್ಲಿ ಉಳಿಯುವ ಕೆಲಸ ಎತ್ತಿಕೊಳ್ಳುವುದೊಂದೇ.

ಯಾದಿಯನ್ನು ನೆನಪಾದ ಕ್ರಮದಲ್ಲಿ ಬರೆಯಬಾರದು. ಉಪ್ಪಿನ ಕೆಳಗೆ ಸಾಬೂನು, ಸಾಬೂನಿನ ಕೆಳಗೆ ಅವಲಕ್ಕಿ ಎಂದಿದ್ದರೆ ಒಂದೇ ಸಾಲಿಗೆ ಮೂರು ಸಲ ಹಿಂದಿರುಗಬೇಕಾಗುತ್ತದೆ. ನಾವು ಹೋಗುವ ಅಂಗಡಿಯ ಕಪಾಟುಗಳು ಯಾವ ಕ್ರಮದಲ್ಲಿವೆಯೋ ಅದೇ ಕ್ರಮದಲ್ಲಿ, ಕಾಳುಬೇಳೆ ಒಂದೆಡೆ, ಹಿಟ್ಟು ಒಂದೆಡೆ, ಮಸಾಲೆ ಒಂದೆಡೆ ಎಂದು ಬರೆದುಕೊಳ್ಳುವುದು ಲೇಸು. ಹಾಲು, ಮೊಸರು, ಪನೀರು ಕೊನೆಗಿರಲಿ. ತಂಪು ಪೆಟ್ಟಿಗೆಯಿಂದ ತೆಗೆದ ಮೇಲೆ ಅವು ಹೆಚ್ಚು ಹೊತ್ತು ಹೊರಗಿರಬಾರದು. ಫಿನೈಲು, ಸಾಬೂನುಗಳಿಗೆ ಚೀಲವೇ ಬೇರೆ.

ಇಷ್ಟು ಮಾಡಿದರೆ ಸಮಯ ಉಳಿಯುತ್ತದೆ. ಆರೋಗ್ಯ ಉಳಿಯಬೇಕಾದರೆ ಪ್ರತಿ ಪದಾರ್ಥದ ಮುಂದೆ ಪ್ರಮಾಣವನ್ನೂ ಬರೆಯಬೇಕು; ಇದನ್ನೇ ಹೆಚ್ಚಿನ ಮನೆಗಳಲ್ಲಿ ಬಿಟ್ಟುಬಿಡುತ್ತಾರೆ. ದಾಸೋಹದ ಉಗ್ರಾಣದಲ್ಲಿ ಎಷ್ಟು ಪಂಕ್ತಿ, ಎಷ್ಟು ಜನ ಎಂಬ ಎಣಿಕೆಯಿಲ್ಲದೆ ಅಕ್ಕಿ ಅಳೆಯುವುದಿಲ್ಲ. ಮನೆಗೂ ಅದೇ ಲೆಕ್ಕ ಸಲ್ಲಬೇಕು. ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಲ್ವರು ವಯಸ್ಕರ ಮನೆಗೆ ತಿಂಗಳಿಗೆ ಅದು 600 ಗ್ರಾಂ. ಉಪ್ಪಿನಕಾಯಿ, ಹಪ್ಪಳ, ಚಿಪ್ಸುಗಳಲ್ಲಿರುವ ಉಪ್ಪೂ ಅದರೊಳಗೇ ಬರಬೇಕು. ಅಂಥ ಮನೆಯ ಅಡುಗೆಯಲ್ಲಿಯೇ ತಿಂಗಳು ತುಂಬುವ ಮೊದಲು ಒಂದು ಕಿಲೋ ಉಪ್ಪು ತೀರುತ್ತಿದ್ದರೆ ವೈದ್ಯರ ಬಳಿಗೆ ಹೋಗುವ ಮುನ್ನ ಯಾದಿಯನ್ನೊಮ್ಮೆ ನೋಡಬೇಕು. ಸಕ್ಕರೆಯ ವಿಷಯದಲ್ಲಿ ದಿನಕ್ಕೆ ಒಬ್ಬರಿಗೆ ಸುಮಾರು 50 ಗ್ರಾಂ ಮೀರದಿರುವುದು, ಸಾಧ್ಯವಾದರೆ 25 ಗ್ರಾಮಿಗೆ ಇಳಿಯುವುದು ಆ ಸಂಸ್ಥೆಯ ಸಲಹೆ. ಎರಡನೆಯ ಲೆಕ್ಕದಂತೆ ನಾಲ್ವರಿಗೆ ತಿಂಗಳಿಗೆ 3 ಕಿಲೋ. ಚಹಾ, ಸಿಹಿ ತಿಂಡಿ, ಬಿಸ್ಕತ್ತು ಎಲ್ಲವೂ ಸೇರಿ. ಬೆಲ್ಲ ಈ ಲೆಕ್ಕದಿಂದ ಹೊರಗಿದೆ ಎಂದು ತಿಳಿದವರು ನಮ್ಮಲ್ಲಿ ಬಹಳ. ಅದೂ ಒಳಗೇ ಇದೆ.

ಪೊಟ್ಟಣದ ಆಹಾರ ಕೊಳ್ಳಲೇಬೇಕಾದರೆ ಅದರ ಹಿಂಬದಿಯನ್ನು ಒಮ್ಮೆ, ಬಿಡುವಾಗಿ, ಮನೆಯಲ್ಲಿ ಕುಳಿತು ಓದಬೇಕು. ಘಟಕಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕೆಂಬುದು ನಮ್ಮ ದೇಶದ ನಿಯಮ. ಗೋಧಿ ಬಿಸ್ಕತ್ತೆಂದು ಹೆಸರಿದ್ದು ಮೊದಲ ಹೆಸರು ಮೈದಾ ಆಗಿದ್ದರೆ ಅದರಲ್ಲಿ ಹೆಚ್ಚಾಗಿರುವುದು ಮೈದಾವೇ. ಯಾವುದು ಸಲ್ಲುತ್ತದೆ ಎಂದು ಒಮ್ಮೆ ನಿಶ್ಚಯಿಸಿ ಅದರ ಹೆಸರನ್ನೇ ಯಾದಿಯಲ್ಲಿ ಬರೆದರೆ ಪ್ರತಿ ತಿಂಗಳೂ ಅಂಗಡಿಯಲ್ಲಿ ಕನ್ನಡಕ ಹುಡುಕುವ ಪ್ರಸಂಗ ಬರುವುದಿಲ್ಲ.

ಇನ್ನೊಂದು ಮಾತನ್ನು ನಿಷ್ಠುರವಾಗಿಯೇ ಹೇಳಬೇಕಾಗಿದೆ. ಬಹುತೇಕ ಮನೆಗಳಲ್ಲಿ ಈ ಯಾದಿ ಕಾಗದದ ಮೇಲಿಲ್ಲ, ಒಬ್ಬ ತಾಯಿಯ ಅಥವಾ ಸೊಸೆಯ ತಲೆಯಲ್ಲಿದೆ. ಯಾವ ಡಬ್ಬಿ ಬರಿದಾಯಿತು, ಮಾವನವರಿಗೆ ಸಕ್ಕರೆ ಕಾಯಿಲೆಯಿರುವುದರಿಂದ ಏನು ತರಬಾರದು, ಮಗನ ಪರೀಕ್ಷೆ ಎಂದು ಎಂಬುದನ್ನೆಲ್ಲ ಆಕೆಯೊಬ್ಬಳೇ ಹೊತ್ತಿರುತ್ತಾಳೆ. ಒಂದು ವಸ್ತು ಮರೆತರೆ ಮಾತು ಕೇಳುವವಳೂ ಆಕೆಯೇ. ಆಕೆ ನಾಲ್ಕು ದಿನ ತವರಿಗೆ ಹೋದರೆ ಮನೆಯಲ್ಲಿ ಅವಲಕ್ಕಿ ಎಲ್ಲಿದೆ ಎಂದು ಹೇಳುವವರಿಲ್ಲ. ಅಡುಗೆಮನೆಯ ಗೋಡೆಗೆ ಒಂದು ಹಲಗೆ, ಒಂದು ಸೀಮೆಸುಣ್ಣವಿರಲಿ. ಡಬ್ಬಿಯನ್ನು ಬರಿದುಮಾಡಿದವರು, ಅದು ಯಜಮಾನರೇ ಆಗಿರಲಿ, ತಾವೇ ಅಲ್ಲಿ ಬರೆಯಲಿ. ಮೊಬೈಲಿನಲ್ಲಿ ಬರೆಯುವುದಾದರೂ ಸರಿಯೇ, ಆದರೆ ಅಜ್ಜಿಗೂ ಮೊಮ್ಮಗುವಿಗೂ ಒಟ್ಟಿಗೆ ಕಾಣುವುದು ಹಲಗೆಯೇ.

ಲೆಕ್ಕ ಹಾಕಿ ತರುವುದು ಜಿಪುಣತನವೆಂದು, ಹಬ್ಬಹುಣ್ಣಿಮೆಗಳಲ್ಲಿ ಕೈ ಬಿಗಿಹಿಡಿಯಬಾರದೆಂದು ಹಿರಿಯರು ಕೆಲವರು ಆಕ್ಷೇಪಿಸುವುದುಂಟು. ಹಬ್ಬಕ್ಕೆ ಬೇರೆ ಯಾದಿ ಬರೆಯಲಿ. ಹೋಳಿಗೆಯ ಬೆಲ್ಲವೂ ಕಡಲೆಬೇಳೆಯೂ ಅದರಲ್ಲಿ ಧಾರಾಳವಾಗಿರಲಿ. ನಾವು ಹೇಳುತ್ತಿರುವುದು ಉಳಿದ ದಿನಗಳನ್ನು ಕುರಿತು. ಅಂಗಡಿಯಿಂದ ಬಂದ ಮೇಲೆ ಬಿಲ್ಲನ್ನೂ ಯಾದಿಯನ್ನೂ ಪಕ್ಕಪಕ್ಕ ಇಟ್ಟು, ಬರೆಯದೆ ಬಂದವುಗಳ ಕೆಳಗೆ ಗೆರೆ ಎಳೆಯುವ ಕೆಲಸವನ್ನು ಶಾಲೆಗೆ ಹೋಗುವ ಮಗುವಿಗೆ ಒಪ್ಪಿಸಬಹುದು. ಮಕ್ಕಳು ಇದನ್ನು ದೊಡ್ಡವರಿಗಿಂತ ಕಟ್ಟುನಿಟ್ಟಾಗಿ ಮಾಡುತ್ತಾರೆ.