ಕಾಲೇಜಿನ ಲೆಕ್ಕ ಹತ್ತನೇ ಕ್ಲಾಸಿನಲ್ಲೇ

ಕಳೆದ ತಿಂಗಳು ಗ್ರಾಚ್ಯುಟಿ ಲೆಕ್ಕದ ಬಗ್ಗೆ ಬರೆದಿದ್ದೆವು. ಅದನ್ನು ಓದಿದವರೊಬ್ಬರು ಅಬುಧಾಬಿಯ ಮುಸಫ್ಫಾದಿಂದ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು: "ಸಾರ್, ಈ ದುಡ್ಡಲ್ಲಿ ಮಗಳ ಇಂಜಿನಿಯರಿಂಗ್ ಮುಗೀತದಾ?"

ನಮ್ಮದೇ ಲೆಕ್ಕ ಬಿಡಿಸಿ ಹೇಳಿದೆವು. ಸಂಬಳ ಒಟ್ಟು 9,000 ದಿರ್ಹಮ್ ಇದ್ದರೂ ಗ್ರಾಚ್ಯುಟಿ ಸಿಗುವುದು ಬೇಸಿಕ್ ಮೇಲೆ. ನಮ್ಮ ಬೇಸಿಕ್ 4,000. ಮೊದಲ ಐದು ವರ್ಷ ತಲಾ 21 ದಿನದಂತೆ 105 ದಿನ, ಆಮೇಲಿನ ಹತ್ತು ವರ್ಷ ತಲಾ 30 ದಿನದಂತೆ 300 ದಿನ. ಹದಿನೈದು ವರ್ಷ ದುಡಿದದ್ದಕ್ಕೆ 405 ದಿನದ ಬೇಸಿಕ್, ಅಂದರೆ 54,000 ದಿರ್ಹಮ್. ದಿರ್ಹಮ್‌ಗೆ 23 ರೂಪಾಯಿ ಹಿಡಿದರೆ ಹನ್ನೆರಡೂವರೆ ಲಕ್ಷಕ್ಕೆ ಚೂರು ಕಡಿಮೆ. ನಮ್ಮ ಮಗಳು ಊರ ಕಡೆ ಒಂದು ಖಾಸಗಿ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಫೀಸು, ಹಾಸ್ಟೆಲು ಸೇರಿ ವರ್ಷಕ್ಕೆ 3 ಲಕ್ಷ 80 ಸಾವಿರ. ನಾಲ್ಕು ವರ್ಷಕ್ಕೆ 15 ಲಕ್ಷ 20 ಸಾವಿರ. ಹದಿನೈದು ವರ್ಷದ ಗ್ರಾಚ್ಯುಟಿ ಒಂದು ಮಗುವಿನ ನಾಲ್ಕು ವರ್ಷಕ್ಕೆ ಸಾಲಲಿಲ್ಲ. ಅದೂ ಕೆಲಸ ಬಿಟ್ಟ ಮೇಲೆ ಕೈಗೆ ಬರುವ ದುಡ್ಡು. ಕೆಲಸ ಬಿಟ್ಟರೆ ಮುಂದಿನ ಸೆಮಿಸ್ಟರಿನ ಹಾಸ್ಟೆಲ್ ಕಟ್ಟುವವರು ಯಾರು ಮಾರಾಯ್ರೆ?

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಾಗಾದ್ರೆ ಸ್ಕಾಲರ್‌ಶಿಪ್ ಏನಾದ್ರೂ ಸಿಗ್ತದಾ?" ಅಂದರು. ಈ ತಿಂಗಳ ಪುಟ ಅವರಿಗಾಗಿ.

ಸ್ಕಾಲರ್‌ಶಿಪ್ಪಿನ ವಿಚಾರದಲ್ಲಿ ಗಲ್ಫಿನ ಸಂಸಾರಸ್ಥರು ಒಂದು ವಿಚಿತ್ರ ಇಕ್ಕಟ್ಟಿನಲ್ಲಿದ್ದೇವೆ. ನಮ್ಮ ದೇಶದಲ್ಲಿ ಫೀಸು ಮಾಫಿ, ಬಡ್ಡಿ ರಿಯಾಯಿತಿ ಬಹುಪಾಲು ನಿಲ್ಲುವುದು 8 ಲಕ್ಷ ಎಂಬ ಗೆರೆಯ ಮೇಲೆ. ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಬೋಧನಾ ಶುಲ್ಕ ಮಾಫಿಯ ಶೇ. 5 ಹೆಚ್ಚುವರಿ ಸೀಟು ಇದೆಯಲ್ಲ, ಅದಕ್ಕೆ ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿರಬೇಕು. 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ 10 ಲಕ್ಷದವರೆಗಿನ ಸಾಲಕ್ಕೆ ಶೇ. 3 ಬಡ್ಡಿ ರಿಯಾಯಿತಿ ಇದೆ, ಅದಕ್ಕೂ 8 ಲಕ್ಷವೇ ಮಿತಿ. ಈಗ ಇಲ್ಲಿಯ ಲೆಕ್ಕ ನೋಡಿ. ಯುಎಇಯಲ್ಲಿ ಹೆಂಡತಿ ಮಕ್ಕಳಿಗೆ ವೀಸಾ ಮಾಡಿಸಬೇಕಾದರೆ ಸಂಬಳ 4,000 ದಿರ್ಹಮ್ ಇರಬೇಕು, ಅಥವಾ 3,000 ಮತ್ತು ಕಂಪನಿಯ ಮನೆ. ಆ 3,000ವನ್ನೇ ಹನ್ನೆರಡರಿಂದ ಗುಣಿಸಿ, 23ರಿಂದ ಗುಣಿಸಿ. 8 ಲಕ್ಷದ 28 ಸಾವಿರ! ಸಂಸಾರವನ್ನು ಇಲ್ಲಿಗೆ ಕರೆತರುವ ಯೋಗ್ಯತೆ ಬಂದ ದಿನವೇ ಊರಿನ ಕಾಗದದಲ್ಲಿ ನಾವು ಅನುಕೂಲಸ್ಥರು. ಶಾರ್ಜಾದ ಬಾಡಿಗೆ, ಶಾಲೆ ಬಸ್ಸಿನ ದುಡ್ಡು, ಅಮ್ಮನ ಮದ್ದಿಗೆ ಕಳಿಸುವ ದುಡ್ಡು ಆ ಕಾಗದದಲ್ಲಿ ಕಾಣುವುದಿಲ್ಲ. ನಮ್ಮ 9,000 ಅಲ್ಲಿ ವರ್ಷಕ್ಕೆ ಸುಮಾರು 25 ಲಕ್ಷ. ಇಲ್ಲಿ, ಮಗಳು ಕಾಲೇಜಿಗೆ ಹೋಗುವ ಮೊದಲೂ, ತಿಂಗಳ ಕೊನೆಗೆ ಉಳಿಯುತ್ತಿದ್ದದ್ದು ಒಂದು ಸಾವಿರ ದಿರ್ಹಮ್.

ಇಲ್ಲಿಗೆ ಬಂದಾಗ ಯಾರಾದರೊಬ್ಬರು ಹತ್ತಿರ ಕುಳಿತು ಮೆಲ್ಲಗೆ ಹೇಳುತ್ತಾರೆ: "ಊರಲ್ಲಿ ಕೃಷಿ ಆದಾಯ ಅಂತ ತೋರಿಸಿ ಒಂದು ಇನ್‌ಕಮ್ ಸರ್ಟಿಫಿಕೇಟ್ ಮಾಡ್ಸಿ. ಎಲ್ಲ ಮಾಡ್ತಾರೆ." ನಾವು ಬೆಳಗಿಂದ ಸಂಜೆವರೆಗೆ ಬೇರೆಯವರ ಲೆಕ್ಕ ಸರಿ ಇದೆಯಾ ಎಂದು ನೋಡುವವರು, ನಮ್ಮ ಮನೆಯದ್ದನ್ನೇ ಸುಳ್ಳು ಬರೆಯುವುದು ಹೇಗೆ? ನೀತಿಯ ಮಾತು ಬಿಡಿ, ಸುಳ್ಳು ಆದಾಯ ಪತ್ರ ಕೊಟ್ಟು ಪಡೆದ ಸೀಟು ಮೂರನೇ ವರ್ಷದಲ್ಲಿ ರದ್ದಾದರೆ ಕಟ್ಟಿದ್ದೂ ಹೋಯಿತು, ಮಗುವಿನ ವರ್ಷವೂ ಹೋಯಿತು. ಆ ಸಲಹೆ ಕೊಟ್ಟವರು ಆಗ ಫೋನ್ ಎತ್ತುವುದಿಲ್ಲ.

ಹಾಗಾದರೆ ಏನೂ ಇಲ್ಲವಾ ಎಂದರೆ, ಸ್ವಲ್ಪ ಇದೆ. ಕೇಂದ್ರ ಸರ್ಕಾರ 2006-07ರಲ್ಲಿ ಅನಿವಾಸಿಗಳ ಮಕ್ಕಳಿಗೆಂದು ಒಂದು ಸ್ಕಾಲರ್‌ಶಿಪ್ ಶುರು ಮಾಡಿತು, ಎಸ್‌ಪಿಡಿಸಿ ಎನ್ನುತ್ತಾರೆ. ಇಡೀ ಪ್ರಪಂಚಕ್ಕೆ ಸೇರಿ ವರ್ಷಕ್ಕೆ 150. ಆಯಾ ವರ್ಷದ ಪ್ರಕಟಣೆ ಬಂದಿದೆಯೇ ಎಂದು ಕಾನ್ಸುಲೇಟಿನಲ್ಲಿ ವಿಚಾರಿಸಿ, ಬಂದಿದ್ದರೆ ಅರ್ಜಿ ಹಾಕಿ, ಆದರೆ ಅದನ್ನು ನಂಬಿ ಬಜೆಟ್ ಮಾಡಬೇಡಿ. ನಿಜವಾಗಿ ದುಡ್ಡು ಉಳಿಯುವುದು ಸ್ಕಾಲರ್‌ಶಿಪ್ಪಿನಲ್ಲಿ ಅಲ್ಲ, ಯಾವ ಬಾಗಿಲಿಂದ ಒಳಗೆ ಹೋಗುತ್ತೀರಿ ಎನ್ನುವುದರಲ್ಲಿ.

ಒಂದು ಬಾಗಿಲು ನಮಗೆಂದೇ ಇರುವುದು. ಎನ್‌ಐಟಿಗಳಲ್ಲಿ, ನಮ್ಮ ಸುರತ್ಕಲ್ ಸೇರಿ, ದಾಸಾ ಎಂಬ ಯೋಜನೆಯಡಿ ವಿದೇಶದಲ್ಲಿ ಓದಿದ ಮಕ್ಕಳಿಗೆ ಸೀಟು ಇದೆ. ಅದರಲ್ಲಿ ಮೂರನೇ ಒಂದು ಭಾಗ ಗಲ್ಫ್ ದೇಶಗಳಲ್ಲಿ ದುಡಿಯುವ ಭಾರತೀಯರ ಮಕ್ಕಳಿಗೆ, ಸಿಐಡಬ್ಲ್ಯುಜಿ ಎಂದು ಹೆಸರು. ದಾಸಾದ ಸಾಮಾನ್ಯ ಸೀಟಿಗೆ ಬೋಧನಾ ಶುಲ್ಕ ವರ್ಷಕ್ಕೆ 8,000 ಡಾಲರ್. ಸಿಐಡಬ್ಲ್ಯುಜಿ ಸೀಟಿಗೆ ಊರಿನ ಮಕ್ಕಳಷ್ಟೇ, 1 ಲಕ್ಷ 25 ಸಾವಿರ ರೂಪಾಯಿ. ಒಂದೇ ಬೆಂಚು, ಒಬ್ಬನಿಗೆ 29,000 ದಿರ್ಹಮ್‌ಗೂ ಮೇಲೆ, ಪಕ್ಕದವನಿಗೆ ಐದೂವರೆ ಸಾವಿರ. ರೂಪಾಯಿ ಬಿದ್ದಾಗ ನಾವೆಲ್ಲ ಎಕ್ಸ್‌ಚೇಂಜ್ ಮುಂದೆ ಕ್ಯೂ ನಿಲ್ಲುತ್ತೇವಲ್ಲ, ಆ ಲಾಭವೂ ರೂಪಾಯಿಯಲ್ಲಿ ಕಟ್ಟುವವರಿಗೆ ಮಾತ್ರ. ದಿರ್ಹಮ್ 1997ರಿಂದ ಡಾಲರಿಗೆ 3.6725 ದರದಲ್ಲಿ ಕಟ್ಟಿಕೊಂಡಿದೆ, ಡಾಲರಿನ ಫೀಸು ನಮಗೆ ಯಾವತ್ತೂ ಅಗ್ಗ ಆಗುವುದಿಲ್ಲ. ಆದರೆ ಸಿಐಡಬ್ಲ್ಯುಜಿ ಸೀಟು ಕೊಡುವುದು ಜೆಇಇ ಮೇನ್ ರ‍್ಯಾಂಕ್ ನೋಡಿ, ಮತ್ತು ಮಗು 11, 12 ಇಲ್ಲಿಯೇ ಓದಿರಬೇಕು.

ಇನ್ನೊಂದು ಬಾಗಿಲು ನಮ್ಮ ಕೆಸಿಇಟಿ. ಅದಕ್ಕೆ ಮಗು ಒಂದರಿಂದ ಹನ್ನೆರಡರೊಳಗೆ ಏಳು ವರ್ಷ ಕರ್ನಾಟಕದಲ್ಲಿ ಓದಿ, ಹತ್ತನೆಯದನ್ನೋ ಹನ್ನೆರಡನೆಯದನ್ನೋ ಅಲ್ಲೇ ಪಾಸಾಗಿರಬೇಕು. ಇದು ಬಹಳ ಜನರಿಗೆ ಗೊತ್ತು. ಗೊತ್ತಿಲ್ಲದ್ದು ಇನ್ನೊಂದು ದಾರಿ: ಮಗು ಪಿಯುಸಿ ಎರಡು ವರ್ಷ ಮಾತ್ರ ಕರ್ನಾಟಕದಲ್ಲಿ ಓದಿ ಪಾಸಾಗಿ, ತಂದೆ ತಾಯಿಯಲ್ಲಿ ಒಬ್ಬರು ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿದ್ದರೂ ಅರ್ಹತೆ ಸಿಗುತ್ತದೆ. (ಕಾಸರಗೋಡು, ಮಂಜೇಶ್ವರದಲ್ಲೇ ಇದ್ದು ಓದಿದ ಕನ್ನಡ, ತುಳು ಮನೆಮಾತಿನ ಮಕ್ಕಳಿಗೆ ಗಡಿನಾಡ ಕನ್ನಡಿಗರೆಂದು ಬೇರೆಯೇ ನಿಯಮ ಇದೆ, ಆ ಕಡೆಯವರು ಅದನ್ನು ನೋಡಿ.) ಕೆಇಎ ಪ್ರತಿ ವರ್ಷ ಮಾಹಿತಿ ಪುಸ್ತಿಕೆ ಹೊರಡಿಸುತ್ತದೆ. ನಮ್ಮ ಮಾತು ನಂಬಿ ಟಿಕೆಟ್ ಮಾಡಬೇಡಿ, ಆಯಾ ವರ್ಷದ ಪುಸ್ತಿಕೆ ಓದಿ.

ನಾವು ಓದಿರಲಿಲ್ಲ. ಲೆಕ್ಕದ ಪುಸ್ತಕ ಓದುವವರು ಮಗಳ ಸಿಇಟಿ ಪುಸ್ತಿಕೆ ಓದಿರಲಿಲ್ಲ. ಮನೆಯಲ್ಲಿ ಕನ್ನಡ, ಪಾಸ್‌ಪೋರ್ಟಲ್ಲಿ ಉಡುಪಿ ಜಿಲ್ಲೆ, ಇನ್ನೇನು ಬೇಕು ಎಂದುಕೊಂಡಿದ್ದೆವು. ಮಗಳು ಒಂದರಿಂದ ಹನ್ನೆರಡರವರೆಗೆ ಶಾರ್ಜಾದಲ್ಲೇ ಓದಿದಳು. ಹನ್ನೆರಡರ ಜನವರಿಯಲ್ಲಿ ಅರ್ಜಿ ತುಂಬಲು ಕೂತಾಗ, ಎಷ್ಟು ವರ್ಷ ಕರ್ನಾಟಕದಲ್ಲಿ ಓದಿದ್ದೀರಿ ಎಂಬ ಜಾಗಕ್ಕೆ ಬಂದು ಅವಳು ನಮ್ಮ ಮುಖ ನೋಡಿದಳು. ಸೊನ್ನೆ. ಜೆಇಇ ರ‍್ಯಾಂಕು ಸಿಐಡಬ್ಲ್ಯುಜಿಗೆ ಸಾಲಲಿಲ್ಲ. ಕಾಮೆಡ್‌ಕೆಗೆ ರಾಜ್ಯದ ಕಟ್ಟು ಇಲ್ಲ, ಅದರಲ್ಲಿ ಸೀಟಾಯಿತು. ಖಾಸಗಿ ಕಾಲೇಜಿನ ಸಿಇಟಿ ಸೀಟಿಗೆ ವರ್ಷಕ್ಕೆ ಒಂದು ಲಕ್ಷದ ಆಸುಪಾಸು ಇದ್ದರೆ ನಾವು ಕಟ್ಟುತ್ತಿರುವುದು ಎರಡೂವರೆ ಲಕ್ಷದ ಮೇಲೆ. ಅವಳ ರೂಮ್‌ಮೇಟ್ ಬ್ರಹ್ಮಾವರದವಳು, ಸಿಇಟಿ ಸೀಟು. ಒಂದೇ ಕ್ಲಾಸು, ಒಂದೇ ಮೇಷ್ಟ್ರು.

ಒಂದು ಕ್ಲಾಸಿಗೆ ಹಲವು ದರ ನಮ್ಮ ರಾಜ್ಯಕ್ಕೆ ಹೊಸತೇನಲ್ಲ. 1992ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದ ಮೋಹಿನಿ ಜೈನ್ ಪ್ರಕರಣ ಹುಟ್ಟಿದ್ದೇ ಅದರಿಂದ. ಆಗ ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ಉಳಿದ ಕರ್ನಾಟಕದವರಿಗೆ 25,000, ಹೊರ ರಾಜ್ಯದವರಿಗೆ 60,000 ರೂಪಾಯಿ. ಆಗ ಹೊರಗಿನವರು ಎಂದರೆ ಉತ್ತರ ಪ್ರದೇಶದವರು. ಈಗ ನಮ್ಮ ಮಗಳೂ ಹೊರಗಿನವಳೇ. ಡಾಕ್ಟರಿಕೆಯ ಎನ್‌ಆರ್‌ಐ ಸೀಟಿನ ಮಾತು ಇಲ್ಲಿ ಎತ್ತುವುದಿಲ್ಲ, ಹಲವು ಕಡೆ ವರ್ಷಕ್ಕೇ 20 ಲಕ್ಷ ದಾಟುತ್ತದೆ. ಎನ್‌ಆರ್‌ಐ ಎಂಬ ಹೆಸರಿಟ್ಟವರ ಕಣ್ಣ ಮುಂದೆ ನಮ್ಮಂಥವರು ಇರಲಿಲ್ಲ ಅಷ್ಟೇ.

ನಾವು ಕುಂದಾಪುರದಲ್ಲಿ ಬಿಕಾಂ ಸೇರುವಾಗ ಅಪ್ಪ ಪಿಗ್ಮಿ ಮುರಿಸಿ ಫೀಸು ಕಟ್ಟಿದ್ದರು. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಬ್ಯಾಂಕು ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಲ್ಲಿ ಸಂಗ್ರಹಿಸಿ ಶುರು ಮಾಡಿದ ಪದ್ಧತಿ ಅದು. ಅಪ್ಪನ ಪಿಗ್ಮಿ ಒಂದು ವರ್ಷದ್ದು, ನಮ್ಮ ಫೀಸು ಕಟ್ಟಿ ತಂಗಿಗೆ ಚಪ್ಪಲಿಯೂ ಬಂತು.

ಈಗ ಮಗ ಒಂಬತ್ತರಲ್ಲಿದ್ದಾನೆ. ಎರಡು ಬಾಗಿಲೂ ಒಟ್ಟಿಗೆ ತೆರೆಯುವುದಿಲ್ಲ ಎಂಬುದನ್ನು ಗಮನಿಸಿ. ಸಿಐಡಬ್ಲ್ಯುಜಿ ಬೇಕಾದರೆ 11, 12 ಇಲ್ಲಿ. ಸಿಇಟಿ ಬೇಕಾದರೆ ಅಲ್ಲಿ. ಹತ್ತು ಮುಗಿದ ಬೇಸಿಗೆಯಲ್ಲೇ ತೀರ್ಮಾನ ಆಗಬೇಕು, ಹನ್ನೆರಡಕ್ಕೆ ಯೋಚಿಸಿದರೆ ತಡ. ಓದಿನಲ್ಲಿ ಬಹಳ ಮುಂದಿರುವ, ಜೆಇಇ ಹಿಡಿಯಬಲ್ಲ ಮಗುವಾದರೆ ಇಲ್ಲೇ ಇರಲಿ ಎನ್ನುತ್ತೇವೆ. ನಮ್ಮ ಮಗ ಸಾಧಾರಣ, ಅವನಿಗೂ ಗೊತ್ತು.

ಒಂದು ರಾತ್ರಿ ಹೆಂಡತಿಯ ಎದುರು ಲೆಕ್ಕ ಹಾಕಿದೆವು. ಇಲ್ಲಿಯ ಶಾಲೆ, ಬಸ್ಸು ಸೇರಿ ವರ್ಷಕ್ಕೆ 12,000 ದಿರ್ಹಮ್. ಊರಲ್ಲಿ ಹಾಸ್ಟೆಲ್ ಇರುವ ಪಿಯು ಕಾಲೇಜು, ಬಂದು ಹೋಗುವ ಟಿಕೆಟು ಎಲ್ಲ ಸೇರಿದರೂ ಹೆಚ್ಚು ಕಡಿಮೆ ಅಷ್ಟೇ. ಹಾಗಾಗಿ ಪಿಯುಸಿ ಸರಿಗೆ ಸರಿ. ಸಿಇಟಿ ಸೀಟಾದರೆ ಇಂಜಿನಿಯರಿಂಗಿನಲ್ಲಿ ವರ್ಷಕ್ಕೆ ಒಂದೂವರೆ ಲಕ್ಷದಂತೆ ನಾಲ್ಕು ವರ್ಷಕ್ಕೆ 6 ಲಕ್ಷ ಉಳಿತಾಯ. ಅಂದರೆ 26,000 ದಿರ್ಹಮ್. ತಿಂಗಳಿಗೆ ಸಾವಿರದಂತೆ ನಮಗೆ ಇಪ್ಪತ್ತಾರು ತಿಂಗಳು ಬೇಕು ಅದನ್ನು ಉಳಿಸಲು.

"ಮಗ ಇಪ್ಪತ್ನಾಲ್ಕು ತಿಂಗಳು ಮನೇಲಿ ಇರೂದಿಲ್ಲ, ಅದನ್ನ ಯಾವ ಕಾಲಮ್ಮಿಗೆ ಹಾಕ್ತೀರಿ?" ಎಂದಳು. ಅಕೌಂಟೆಂಟನ ಹೆಂಡತಿ, ಹದಿನೆಂಟು ವರ್ಷದಲ್ಲಿ ಕಾಲಮ್ಮು ಗೊತ್ತಾಗಿದೆ. ಹದಿನಾರಕ್ಕೆ ಹಾಸ್ಟೆಲಿಗೆ ಹೋದವನು ಮತ್ತೆ ನಮ್ಮ ಜೊತೆ ಇರುವುದು ರಜೆಯಲ್ಲಿ ಮಾತ್ರ ಎಂದು ಅವಳ ಲೆಕ್ಕ. ಊರಲ್ಲಿ ಅಮ್ಮ, "ಮಾಣಿನ ಹಾಸ್ಟೆಲಿಗೆ ಎಂತಕ್ಕೆ, ನನ್ ಹತ್ರ ಬಿಡಿ" ಎನ್ನುತ್ತಾರೆ. ಅಮ್ಮನಿಗೆ ಎಪ್ಪತ್ತಮೂರು. ಅವರ ಹತ್ತಿರ ಬಿಟ್ಟು ಸರ್ಕಾರಿ ಪಿಯು ಕಾಲೇಜಿಗೆ ಹಾಕಿದರೆ ಇನ್ನೂ ಮೂರು ನಾಲ್ಕು ಲಕ್ಷ ಉಳಿಯುತ್ತದೆ, ಅದನ್ನು ನಾವು ಬಾಯಿಬಿಟ್ಟು ಹೇಳಲಿಲ್ಲ.

ಸಾಲದ ಬಗ್ಗೆ ಎರಡೇ ಮಾತು. ಶಿಕ್ಷಣ ಸಾಲದ ಕಂತು ಓದು ಮುಗಿದು ಒಂದು ವರ್ಷದ ನಂತರ ಶುರುವಾದರೂ ಬಡ್ಡಿ ಮೊದಲ ದಿನದಿಂದಲೇ ಏರುತ್ತದೆ. ಆಗುವವರು ಬಡ್ಡಿಯನ್ನಾದರೂ ತಿಂಗಳು ತಿಂಗಳು ಕಟ್ಟುತ್ತಾ ಹೋಗಿ. ಆ ಬಡ್ಡಿಗೆ ತೆರಿಗೆ ವಿನಾಯಿತಿ ಇದೆ ಎಂದು ಬ್ಯಾಂಕಿನವರು ಹೇಳುತ್ತಾರೆ. ಊರಲ್ಲಿ ತೆರಿಗೆ ಬೀಳುವ ಆದಾಯವೇ ಇಲ್ಲದ ನಮಗೆ ಆ ವಿನಾಯಿತಿಯಿಂದ ಒಂದು ಪೈಸೆಯೂ ಇಲ್ಲ.

ತೀರ್ಮಾನ ಏನೇ ಆಗಲಿ, ಕಾಗದ ರೆಡಿ ಇರಲಿ ಎಂದು ಈ ಜುಲೈ ರಜೆಯಲ್ಲಿ ನಾವು ಓದಿದ ಪ್ರಾಥಮಿಕ ಶಾಲೆಗೆ ಹೋಗಿದ್ದೆವು. ತಂದೆ ತಾಯಿ ಏಳು ವರ್ಷ ಓದಿದ್ದಕ್ಕೆ ವ್ಯಾಸಂಗ ಪ್ರಮಾಣ ಪತ್ರ ಬೇಕು, ಅದಕ್ಕೆ ಬಿಇಒ ಮೇಲುಸಹಿಯೂ ಬೇಕು. ಇಲ್ಲಿಯ ರಜೆ ಬೀಳುವುದು ಅಲ್ಲಿ ಶಾಲೆ ನಡೆಯುವಾಗ, ನಮಗೆ ಅದೊಂದು ಅನುಕೂಲ. ಹೆಡ್‌ಮೇಷ್ಟ್ರು ಕಪಾಟಿನಿಂದ ದಾಖಲಾತಿ ರಿಜಿಸ್ಟರ್ ತೆಗೆದು ಧೂಳು ಕೊಡವಿದರು. ಹೊರಗೆ ಜೋರು ಮಳೆ, ಮಗ ಜಗಲಿಯಲ್ಲಿ ನಿಂತು ಅಂಗಳ ನೋಡುತ್ತಿದ್ದ. ಒಂದೂವರೆ ಗಂಟೆಯಲ್ಲಿ ಹೆಸರು ಸಿಕ್ಕಿತು, ಪತ್ರವೂ ಆಯಿತು. ವಾಪಸು ಬರುವಾಗ ರಿಕ್ಷಾದಲ್ಲಿ ಮಗ ಅದನ್ನು ಓದಿ, "ಅಪ್ಪ, ಇದ್ರಲ್ಲಿ ನಿಮ್ ಡೇಟ್ ಆಫ್ ಬರ್ತ್ ಪಾಸ್‌ಪೋರ್ಟಿಗಿಂತ ಬೇರೆ ಉಂಟು" ಅಂದ. ಹೌದು, ಹನ್ನೊಂದು ತಿಂಗಳು ವ್ಯತ್ಯಾಸ. ಆ ತಾರೀಕು ಸರಿಪಡಿಸಲು ನಾವು ಎಲ್ಲೆಲ್ಲಿ ಅಲೆದೆವು, ಅಫಿಡವಿಟ್ ಯಾವಾಗ ಸಾಕು ಯಾವಾಗ ಸಾಲದು ಎಂಬುದನ್ನು ಮುಂದಿನ ತಿಂಗಳು ಬರೆಯುತ್ತೇವೆ. ಅಷ್ಟರೊಳಗೆ ನಿಮ್ಮ ಶಾಲೆಯ ಟಿಸಿಯನ್ನೂ ಪಾಸ್‌ಪೋರ್ಟನ್ನೂ ಒಮ್ಮೆ ಪಕ್ಕದಲ್ಲಿಟ್ಟು ನೋಡಿ.