ವನ್ಯಮೃಗ ದರ್ಶನ: ಹೊರಡುವ ಮುನ್ನ, ಮರಳಿದ ಮೇಲೆ

ಶಾಲಾ ಪ್ರವಾಸವೆಂದರೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಜೋಗ ಎಂಬ ಪಟ್ಟಿಯು ತಲೆಮಾರುಗಳಿಂದ ನಡೆದುಬಂದಿದೆ. ಆ ಸ್ಥಳಗಳ ಹಿರಿಮೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಹೋಬಳಿಯಿಂದ ಕಾವೇರಿಯತ್ತ ಇಳಿಯುವ ಕಾಡು, ಪಕ್ಕದಲ್ಲಿಯೇ ತೆರೆದಿಟ್ಟ ಗ್ರಂಥದಂತಿದ್ದರೂ, ಅದನ್ನು ಓದುವ ವಿದ್ಯಾರ್ಥಿಗಳು ವಿರಳ. ಸಂಗಮಕ್ಕೂ ಮೇಕೆದಾಟಿಗೂ ಹೋಗಿ ಬಂದವರೇನೋ ಅಸಂಖ್ಯಾತರಿದ್ದಾರೆ. ಅವರಲ್ಲಿ ಹೆಚ್ಚಿನವರು ಬುತ್ತಿ ಬಿಚ್ಚಿ ಉಂಡು, ಗದ್ದಲ ಮಾಡಿ, ಎಲೆ ಕಾಗದಗಳನ್ನು ಬಂಡೆಗಳ ಮೇಲೆ ಚೆಲ್ಲಿ ಹಿಂದಿರುಗಿದವರೇ ಹೊರತು ಕಾಡನ್ನು ಕಂಡವರಲ್ಲ.

ಈ ಅರಣ್ಯವು 1987ರಲ್ಲಿ ಕಾವೇರಿ ವನ್ಯಜೀವಿಧಾಮವೆಂದು ಘೋಷಿತವಾಯಿತು. ಮುಂದೆ ವಿಸ್ತಾರಗೊಂಡು 1,000 ಚದರ ಕಿಲೋಮೀಟರನ್ನು ಮೀರಿತು. ಆನೆ, ಕಾಟಿ, ಕಡವೆ, ಜಿಂಕೆ, ಚಿರತೆ, ಕರಡಿ, ಸೀಳುನಾಯಿಗಳು ಇಲ್ಲಿಯ ನಿವಾಸಿಗಳು. ಹೊಳೆಯಲ್ಲಿ ನೀರುನಾಯಿಗಳು ಗುಂಪುಗೂಡಿ ಮೀನು ಹಿಡಿಯುತ್ತವೆ. ದಡದ ಹೊಳೆಮತ್ತಿ, ಹುಣಿಸೆ ಮರಗಳಲ್ಲಿ ನರೆಗೂದಲಿನ ದೊಡ್ಡ ಅಳಿಲು ವಾಸಿಸುತ್ತದೆ. ದಕ್ಷಿಣ ಭಾರತದ ಕೆಲವೇ ತಾಣಗಳಲ್ಲಿ ಮತ್ತು ಸಿಂಹಳದಲ್ಲಿ ಮಾತ್ರ ಉಳಿದಿರುವ ಈ ಜೀವಿಗೆ ಕರ್ನಾಟಕದಲ್ಲಿ ಕಾವೇರಿಯ ತೀರವೇ ಆಶ್ರಯ. 2014ರಲ್ಲಿ ವನ್ಯಜೀವಿ ತಜ್ಞ ಸಂಜಯ್ ಗುಬ್ಬಿ ಅವರ ತಂಡವು ಇಲ್ಲಿ ಅಳವಡಿಸಿದ್ದ ಸ್ವಯಂಚಾಲಿತ ಕ್ಯಾಮೆರಾಗಳಲ್ಲಿ ತರಕರಡಿಯ ಚಿತ್ರ ಮೂಡಿತು. ರಾಜ್ಯದಲ್ಲಿ ಆ ಪ್ರಾಣಿಯ ಇರವಿಗೆ ದೊರೆತ ಮೊದಲ ಛಾಯಾಚಿತ್ರದ ಸಾಕ್ಷ್ಯವದು.

ಇಂತಹ ಕಾಡಿಗೆ ಹೋಗುವುದಕ್ಕೆ ಬಸ್ಸಿನ ಬಾಡಿಗೆಯಷ್ಟೇ ಸಿದ್ಧತೆ ಸಾಲದು. ಉಷ್ಣವಲಯದ ಅರಣ್ಯವು ತನ್ನ ಪ್ರಾಣಿಗಳನ್ನು ಸುಲಭವಾಗಿ ತೋರಿಸುವುದಿಲ್ಲ. ಮಳೆಗಾಲದಲ್ಲಿ ಎಲೆಯ ಮರೆಯೇ ಗೋಡೆಯಾಗಿರುತ್ತದೆ. ನೀರು ಎಲ್ಲೆಡೆ ದೊರೆಯುವುದರಿಂದ ಮೃಗಗಳೂ ಚದುರಿರುತ್ತವೆ. ಎಲೆಯುದುರಿ, ಹಳ್ಳಗಳು ಬತ್ತುವ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಅವಧಿಯಲ್ಲಿ ಆನೆಗಳು ಹೊಳೆಯ ಕಡೆಗೆ ಇಳಿಯುತ್ತವೆ. ದಿನದಲ್ಲಿಯೂ ಮುಂಜಾನೆ ಮತ್ತು ಇಳಿಹೊತ್ತು ಮಾತ್ರ ಪ್ರಶಸ್ತ. ಅರಣ್ಯ ಇಲಾಖೆಯ ಅನುಮತಿ ಪಡೆಯುವುದು, ಮಾರ್ಗದರ್ಶಕರ ಮಾತನ್ನು ಮೀರದಿರುವುದು, ಮಣ್ಣಿನ ಬಣ್ಣದ ಉಡುಪು, ಗಾಳಿಯ ದಿಕ್ಕಿನ ಅರಿವು, ಎಲ್ಲಕ್ಕಿಂತ ಮಿಗಿಲಾಗಿ ಮೌನ, ಇವು ಹೊರಡುವ ಮುನ್ನವೇ ಅಭ್ಯಾಸವಾಗಬೇಕು. ಇನ್ನೊಂದು ಎಚ್ಚರಿಕೆಯನ್ನು ಶಿಕ್ಷಕರು ಮರೆಯಬಾರದು. ಸಂಗಮ, ಮೇಕೆದಾಟುಗಳ ಸುಳಿಗಳು ಈಜು ಬಲ್ಲವರನ್ನೂ ಬಲಿ ತೆಗೆದುಕೊಂಡಿವೆ. ಹೊಳೆಯಲ್ಲಿ ಮೊಸಳೆಗಳೂ ಇವೆ. ಮಕ್ಕಳನ್ನು ನೀರಿಗಿಳಿಸದಿರುವುದು ಯೋಜನೆಯ ಮೊದಲ ನಿಯಮವಾಗಬೇಕು.

ಇಷ್ಟಾದರೂ ಕಾಣಿಸದಿರಬಹುದು. ಆಗಲೇ ಪ್ರವಾಸದ ನಿಜವಾದ ಪರೀಕ್ಷೆ. ಹುಲಿಯನ್ನು ಕಾಣದೆ ಬಂದವನು ಏನನ್ನೂ ಕಾಣಲಿಲ್ಲವೆಂಬ ಭಾವನೆ ಬಂಡೀಪುರ, ಕಬಿನಿಗಳ ಜೀಪುಗಳಿಂದ ಶಾಲೆಗಳವರೆಗೂ ಹಬ್ಬಿದೆ. ಇದು ತಿದ್ದಬೇಕಾದ ಭ್ರಮೆ. ಪ್ರಪಂಚದ ಸ್ತನಿ ಜಾತಿಗಳಲ್ಲಿ ಐದರಲ್ಲಿ ಸುಮಾರು ಎರಡು ಪಾಲು ಇಲಿ, ಅಳಿಲುಗಳಂತಹ ದಂಶಕಗಳು; ಸುಮಾರು ಒಂದು ಪಾಲು ಬಾವಲಿಗಳು. ಊರ ಆಲದ ಮರದಿಂದ ಸಂಜೆ ಹಾರುವ ತೊಗಲ ಬಾವಲಿಗಳನ್ನು ಎಣಿಸಿದ ಬಾಲಕನೂ ವನ್ಯಸ್ತನಿಗಳ ಅಧ್ಯಯನವನ್ನೇ ಮಾಡಿದ್ದಾನೆ. ಪ್ರಾಣಿ ಕಾಣದಿದ್ದರೂ ಅದರ ಲಿಪಿ ನೆಲದ ಮೇಲಿರುತ್ತದೆ: ಕರಡಿ ಅಗೆದ ಗೆದ್ದಲು ಹುತ್ತ, ಮೀನಿನ ಹುರುಪೆ ತುಂಬಿದ ನೀರುನಾಯಿಯ ಹಿಕ್ಕೆ, ಉಗುರಿನ ಗುರುತಿಲ್ಲದ ಚಿರತೆಯ ಹೆಜ್ಜೆ. ಆನೆಯ ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಅದರ ಭುಜದ ಎತ್ತರ ಹೆಚ್ಚುಕಡಿಮೆ ದೊರೆಯುತ್ತದೆ. ಗಣಿತದ ಅಧ್ಯಾಪಕರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೊಂದಿಲ್ಲ.

ಮರಳಿದ ಮೇಲಿನ ಕೆಲಸವು ಹೊರಡುವ ಮುನ್ನಿನದಕ್ಕಿಂತ ಕಷ್ಟತರವಾದುದು. ಕಂಡದ್ದನ್ನು ಹೇಳುವಾಗ ಜಿಂಕೆ ಕಡವೆಯಾಗುತ್ತದೆ, ಮೂರು ಆನೆ ಹದಿಮೂರಾಗುತ್ತವೆ, ಪೊದೆ ಅಲುಗಿದ್ದು ಚಿರತೆಯ ದರ್ಶನವಾಗುತ್ತದೆ. ಬೇಟೆಯ ಕಾಲದ ಈ ಚಾಳಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬಂದೂಕಿನಂತೆ ತೊಲಗಲಿಲ್ಲ. ಆದಕಾರಣ ಪ್ರತಿ ವಿದ್ಯಾರ್ಥಿಯೂ ದಿನಾಂಕ, ವೇಳೆ, ಸ್ಥಳ, ಸಂಖ್ಯೆ, ಪ್ರಾಣಿಯ ನಡವಳಿಕೆ, ಇವನ್ನು ಆಗಿಂದಾಗ್ಗೆ ಟಿಪ್ಪಣಿ ಪುಸ್ತಕದಲ್ಲಿ ಬರೆಯಬೇಕು. ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು, ಗುರುತಿನಿಂದ ಊಹಿಸಿದ್ದು, ಮಾರ್ಗದರ್ಶಕರು ಹೇಳಿದ್ದು, ಈ ನಾಲ್ಕನ್ನೂ ಬೆರೆಸಬಾರದು. "ಏನೂ ಕಾಣಲಿಲ್ಲ" ಎಂದು ನಿರ್ಭಯವಾಗಿ ಬರೆದ ಪುಟಕ್ಕೂ ಅಂಕ ದೊರೆಯಬೇಕು. ಸತ್ಯ ನುಡಿಯಬೇಕೆಂಬ ಬೋಧನೆಗೆ ಇದಕ್ಕಿಂತ ನೇರವಾದ ಪ್ರಯೋಗಶಾಲೆ ಇನ್ನೆಲ್ಲಿದೆ? ಆದರೆ ಸತ್ಯಕ್ಕೂ ಒಂದು ಸಂಯಮವುಂಟು. ಅಪರೂಪದ ಪ್ರಾಣಿಯ ಗುಹೆ, ಗೂಡುಗಳ ನಿಖರ ಸ್ಥಳವನ್ನು ಮೊಬೈಲಿನಲ್ಲಿ ಹರಡುವುದು ಕಳ್ಳಬೇಟೆಗಾರನಿಗೆ ದಾರಿ ತೋರಿಸಿದಂತೆ.

ಈ ಕಥನದಲ್ಲಿ ಇನ್ನೊಬ್ಬರಿಗೂ ಸ್ಥಾನವಿರಬೇಕು. ಪ್ರವಾಸಿಗೆ ಆನೆಯು ದರ್ಶನ. ಕಾಡಂಚಿನ ರೈತನಿಗೆ ಅದು ರಾತ್ರಿಯ ಆತಂಕ. ರಾಗಿ ಕೊಯ್ಲಿಗೆ ಬಂದ ದಿನಗಳಲ್ಲಿ ಅವನು ಹೊಲದ ಅಟ್ಟಣೆಯ ಮೇಲೆ ಚಳಿಯಲ್ಲಿ ಜಾಗರಣೆ ಮಾಡುತ್ತಾನೆ. ಒಂದೇ ರಾತ್ರಿಯಲ್ಲಿ ವರ್ಷದ ಅನ್ನ ತುಳಿತಕ್ಕೆ ಸಿಕ್ಕುವುದೂ ಉಂಟು. ಆ ಮನೆಗಳ ಮಕ್ಕಳೇ ಇಂದು ಅನೇಕ ಶಾಲೆಗಳ ಬೆಂಚುಗಳ ಮೇಲೆ ಕುಳಿತಿದ್ದಾರೆ. ಆನೆಯ ಹಾದಿಯನ್ನು ಪಟ್ಟಣದಿಂದ ಬಂದ ಯಾವ ಪ್ರವಾಸಿಗಿಂತಲೂ ಚೆನ್ನಾಗಿ ಬಲ್ಲವರು ಅವರು. ಅಂತಹ ಬಾಲಕನನ್ನು ತರಗತಿಯ ಮುಂದೆ ನಿಲ್ಲಿಸಿ ಅವನ ಅನುಭವವನ್ನು ಹೇಳಿಸಿದರೆ, ಕಾಡನ್ನು ಪ್ರೀತಿಸುವುದೂ ಕಾಡಿನಿಂದ ನಷ್ಟವಾದವರನ್ನು ಗೌರವಿಸುವುದೂ ವಿರುದ್ಧ ಧರ್ಮಗಳಲ್ಲವೆಂಬುದು ಎಲ್ಲರಿಗೂ ಮನದಟ್ಟಾದೀತು.

ಪ್ರಾಮಾಣಿಕ ದಾಖಲೆಗೆ ಬೇರೊಂದು ಅಗತ್ಯವೂ ಒದಗಿದೆ. ಮೇಕೆದಾಟಿನಲ್ಲಿ 67 ಟಿ.ಎಂ.ಸಿ. ಸಾಮರ್ಥ್ಯದ ಜಲಾಶಯವನ್ನು ನಿರ್ಮಿಸುವ ಯೋಜನೆಯ ವಿವರವಾದ ವರದಿಯನ್ನು ರಾಜ್ಯವು 2019ರಲ್ಲಿ ಕೇಂದ್ರ ಜಲ ಆಯೋಗಕ್ಕೆ ಸಲ್ಲಿಸಿತು. ಬೆಂಗಳೂರಿನ ಕುಡಿಯುವ ನೀರಿನ ಬವಣೆ ಸುಳ್ಳಲ್ಲ. ಮುಳುಗಡೆಯ ಬಹುಭಾಗ ಈ ಕಾಡಿನದೇ ಎಂಬುದೂ ಸುಳ್ಳಲ್ಲ. ಈ ವಿವಾದದಲ್ಲಿ ಯಾವ ಪಕ್ಷವನ್ನು ಹಿಡಿಯಬೇಕೆಂದು ಶಾಲೆಯು ಮಕ್ಕಳಿಗೆ ಹೇಳಬೇಕಾಗಿಲ್ಲ. ಆದರೆ ಈ ಕಣಿವೆಯಲ್ಲಿ ಏನಿದೆ ಎಂಬ ಪ್ರಶ್ನೆಗೆ ಸಮೀಪದವರೇ ಉತ್ತರ ಬಲ್ಲವರಾಗಿರಬೇಕು. ಹೊಳೆಯಂಚಿನ ಮರದ ಅಳಿಲು ಅಣೆಕಟ್ಟಿನ ಲೆಕ್ಕದಲ್ಲಿ ತಾನಾಗಿ ಬರುವುದಿಲ್ಲ. ಅದನ್ನು ಕಂಡವರು ಬರೆದಿಟ್ಟರೆ ಮಾತ್ರ ಬರುತ್ತದೆ.

ಇದಕ್ಕೆ ಅಪಾರ ಧನ ಬೇಕಾಗಿಲ್ಲ. ದಾನಿಗಳು ನಾಲ್ಕಾರು ದುರ್ಬೀನುಗಳನ್ನೂ ಕನ್ನಡದ ಪ್ರಾಣಿ ಪರಿಚಯ ಪುಸ್ತಕಗಳನ್ನೂ ಕೊಡಿಸಿದರೆ ಸಾಕು. ಹಳೆಯ ವಿದ್ಯಾರ್ಥಿಗಳಲ್ಲಿ ಅರಣ್ಯ ಇಲಾಖೆಯಲ್ಲಿ ದುಡಿದವರೂ ಕಾಡಂಚಿನಲ್ಲಿ ಬೇಸಾಯ ಮಾಡುವವರೂ ವರ್ಷಕ್ಕೊಂದು ದಿನ ಮಾರ್ಗದರ್ಶನ ನೀಡಲಿ. ಶಿಕ್ಷಕರು ನೂರು ಮಕ್ಕಳ ಜಾತ್ರೆಯ ಬದಲು ಹದಿನೈದು ಮಕ್ಕಳ ಚಿಕ್ಕ ತಂಡಗಳನ್ನು ಕರೆದೊಯ್ಯಲಿ. ಪ್ರತಿ ವರ್ಷದ ಟಿಪ್ಪಣಿಗಳನ್ನು ಗ್ರಂಥಾಲಯದಲ್ಲಿ ಒಂದು ಹೊತ್ತಗೆಯಾಗಿ ಕಾಯ್ದಿಡಲಿ. ಇಪ್ಪತ್ತು ವರ್ಷಗಳ ಬಳಿಕ ಅದನ್ನು ತೆರೆಯುವ ವಿದ್ಯಾರ್ಥಿಗೆ, ಇಂತಹ ದಿನ, ಇಂತಹ ಮರದಲ್ಲಿ ಒಂದು ಅಳಿಲಿತ್ತು ಎಂಬ ಒಂದು ಸಾಲು ನಿಜವಾಗಿ ದೊರೆತರೆ, ಆ ಪ್ರವಾಸವು ಸಾರ್ಥಕವಾಯಿತೆಂದೇ ತಿಳಿಯಬೇಕು.